ಹುರುಳಿಯಲ್ಲಿ ಸಿಕ್ಕಿಕೊಂಡ ಸ್ಪೋರ್ಟ್ಸ್ ಕಾರು

ಮನುಷ್ಯನಿಗೆ ಯಾವುದಾದರೂ ಒಂದು ವಸ್ತುವಿನ ಬಗ್ಗೆ ಸ್ವಲ್ಪ ಜಂಬ ಇರಬೇಕು, ಇಲ್ಲದಿದ್ದರೆ ಬದುಕು ಸಪ್ಪೆ. ಕೆಲವರಿಗೆ ಮಕ್ಕಳ ಅಂಕ, ಕೆಲವರಿಗೆ ತಮ್ಮ ಬೋರ್‌ವೆಲ್ಲಿನ ನೀರು. ನನಗೆ ನನ್ನ ಕಾರು. ಜಪಾನಿನದು, ಕೆಂಪು ಬಣ್ಣದ್ದು, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರು. ನಾನು ಕಾಲೇಜಿನಲ್ಲಿ ಪಾಠ ಹೇಳುವ ಹುಡುಗರೆಲ್ಲರಿಗಿಂತ ಅದು ವಯಸ್ಸಿನಲ್ಲಿ ಹಿರಿದು. ಗುಂಡಿ ಒತ್ತಿದರೆ ಮುಚ್ಚಳದೊಳಗಿಂದ ದೀಪಗಳು ಮೇಲೇಳುತ್ತವೆ. ಬಲಗಣ್ಣು ತಕ್ಷಣ ತೆರೆಯುತ್ತದೆ, ಎಡಗಣ್ಣು ಸ್ವಲ್ಪ ಯೋಚನೆ ಮಾಡಿ ತೆರೆಯುತ್ತದೆ. ಅದಕ್ಕೆ ಬೇಕಾದ ಪುಟ್ಟ ಮೋಟಾರು ಜಪಾನಿನಿಂದ ಬರಬೇಕು. ಬರುತ್ತಲೇ ಇದೆ. ನಮ್ಮತ್ತೆ ಒಮ್ಮೆ ಅದರಲ್ಲಿ ಕೂತು, ಇಳಿಯಲಾಗದೆ ಇಬ್ಬರ ಕೈಯಲ್ಲಿ ಎತ್ತಿಸಿಕೊಂಡು, "ನೆಲದ ಮೇಲೆ ಕೂತ್ಕೊಂಡೇ ಹೋಗೋದಾದ್ರೆ ಕಾರ್ ಯಾಕಪ್ಪಾ, ಚಾಪೆ ಸಾಲ್ದಾ?" ಎಂದಿದ್ದರು. ಅವರ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕಾರೂ ಹಚ್ಚಿಕೊಳ್ಳಲಿಲ್ಲ.

ಆದರೆ ನನ್ನ ಹೆಂಡತಿ ಸರಳಾಳ ಮಾತನ್ನು ಹಾಗೆ ಬಿಡುವಂತಿಲ್ಲ. ಚಿಕ್ಕಬಳ್ಳಾಪುರದ ಸಂತೆ ಬೀದಿಯಲ್ಲಿ ತನ್ನ ಶಾಲೆಯ ಹೆಡ್‌ಮಿಸ್ಸಿನ ಎದುರೇ ಕಾರು ತಳ್ಳಬೇಕಾಗಿ ಬಂದ ದಿನ ಅವಳು ತೀರ್ಪು ಕೊಟ್ಟಳು. "ಮೇಲೂರಲ್ಲಿ ನನ್ ತಂಗಿ ಗೃಹಪ್ರವೇಶಕ್ಕೆ ಇದರಲ್ಲೇ ಹೋಗಣ. ದಾರೀಲಿ ನಾನು ಒಂದ್ಸಲ ಇಳಿದು ತಳ್ಳಿದ್ರೂ ಮಾರಿಬಿಡ್ಬೇಕು." ನಾನು ಒಪ್ಪಿದೆ. ಆ ವಾರ ಕಾರಿಗೆ ನಡೆದ ಉಪಚಾರ ಮನೆಯ ಅಳಿಯನಿಗೂ ನಡೆದಿರಲಿಕ್ಕಿಲ್ಲ.

ಶಿಡ್ಲಘಟ್ಟದವರೆಗೆ ಕಾರು ಚಿನ್ನದಂತೆ ಓಡಿತು. ಹಂಪ್ ಬಂದಾಗಲೆಲ್ಲ ಹೊಟ್ಟೆ ಉಜ್ಜದಂತೆ ಓರೆಯಾಗಿ ಹತ್ತಿಸಿ ಇಳಿಸಿದೆ. ಅಲ್ಲಿಂದ ಮುಂದೆ ಹಂಪುಗಳ ಕಾಟವೇ ಬೇಡವೆಂದು, ಬುದ್ಧಿವಂತನಂತೆ ಒಳದಾರಿ ಹಿಡಿದೆ. ಸುಗ್ಗಿಯ ಕಾಲ. ನಮ್ಮ ಕಡೆ ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೆ ಹರಡಿಬಿಡುತ್ತಾರೆ, ಹೋಗಿಬರುವ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಬಸ್ಸಿಗೆ ಅದು ಪುಣ್ಯದ ಕೆಲಸ. ನನ್ನ ಕಾರು ಮಾತ್ರ ತುಳಿಯಲಿಲ್ಲ, ಗಿಡವನ್ನೆಲ್ಲ ಹೊಟ್ಟೆಯ ಕೆಳಗೆ ತುಂಬಿಕೊಂಡು ಅದರ ಮೇಲೆ ಕೂತುಬಿಟ್ಟಿತು. ಎಂಜಿನ್ ಹಾಡುತ್ತಿತ್ತು, ಚಕ್ರ ಜಾರುತ್ತಿತ್ತು.

ಕಣದ ಒಡತಿ ಮೊರ ಹಿಡಿದುಕೊಂಡೇ ಬಂದಳು. "ಏಮಪ್ಪಾ, ಒಕ್ಕಣೆ ಮಾಡಿಕೊಡು ಅಂದ್ರೆ ಬೆಳೇನೇ ಹೊತ್ಕೊಂಡು ಹೋಗ್ತಾ ಇದೀಯಲ್ಲ."

ಸರಳಾ ರೇಷ್ಮೆ ಸೀರೆಯ ನೆರಿಗೆ ಎತ್ತಿ ಇಳಿಯಲು ಹೊರಟಳು. ಅವಳ ಕಾಲು ನೆಲಕ್ಕೆ ತಾಗಿದರೆ ನನ್ನ ಕಾರು ಹೋಯಿತು. "ಇಳೀಬೇಡ ಕಣೇ, ನೀನು ಈ ಕಡೆ ಬಂದು ಸ್ಟೇರಿಂಗ್ ಹಿಡ್ಕೊ. ತಳ್ಳೋದು ನಾನು" ಎಂದೆ. ಕೋಲಿನಿಂದ ಅಡಿಯ ಗಿಡವನ್ನೆಲ್ಲ ಕಿತ್ತು ತೆಗೆದೆ. ಒಡತಿಯೂ ಬೈಯುತ್ತಲೇ ಕೈ ಹಾಕಿದಳು. ಕಾರು ಅಲುಗಿತು, ಹೊರಟಿತು. ಮುಂದೆಯೂ ಹುರುಳಿ ಹಾಸಿತ್ತು. ನಿಂತರೆ ಮತ್ತೆ ಹೂತುಕೊಳ್ಳುತ್ತದೆ ಎಂದು, "ನಿಲ್ಲಿಸ್ಬೇಡ, ಹೋಗ್ತಾ ಇರು" ಎಂದು ಕೂಗಿದೆ. ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ಕೇಳದ ಸರಳಾ, ಆ ಮಾತನ್ನು ಮೇಲೂರಿನವರೆಗೂ ಪಾಲಿಸಿದಳು.

ತಲೆ ತುಂಬ ಹೊಟ್ಟು ಹೊತ್ತು ನಾನು ರಸ್ತೆಯಲ್ಲಿ ನಿಂತೇ ಇದ್ದೆ. ಇಷ್ಟು ವರ್ಷ ನಾನು ಒಳಗೇ ಕೂತಿದ್ದವನು, ನನ್ನ ಕಾರು ಓಡುವುದನ್ನು ಹೊರಗಿನಿಂದ ನೋಡಿದ್ದು ಅದೇ ಮೊದಲು. ದ್ರಾಕ್ಷಿ ತೋಟದ ಪಕ್ಕದಲ್ಲಿ ಕೆಂಪಗೆ ತಿರುಗಿ ಹೋಯಿತು. ಎಷ್ಟು ಚೆಂದವಿತ್ತೆಂದರೆ ನನ್ನ ಕಣ್ಣು ತುಂಬಿಬಂತು. ಹೊಟ್ಟಿನ ದೂಳು ಎಂದು ಒಡತಿಗೆ ಹೇಳಿದೆ.

ಆಮೇಲೆ ಮೇಲೂರ ಕಡೆಯಿಂದ ಬಂದು, ಕಣದಲ್ಲಿ ಹೊರೆ ಇಳಿಸಿ ವಾಪಸ್ಸು ಹೊರಟ ಟ್ರ್ಯಾಕ್ಟರಿನವನು ನನ್ನನ್ನು ಮೇಲೂರಿಗೆ ಹತ್ತಿಸಿಕೊಂಡ. "ಅಣ್ಣಾ, ಈ ಕಡೆ ಬರೋವಾಗ ಎದುರಿಗೆ ಒಂದು ಕೆಂಪು ಕಾರ್ ಬಂತು ನೋಡು. ಏನ್ ಗತ್ತು ಅಂತೀಯಾ. ಆಯಮ್ಮ ಏನ್ ಓಡಿಸ್ತಾರೆ. ಯಾರ್ದಣ್ಣ ಅದು?"

"ನಂದೇ ಕಣಪ್ಪಾ" ಎಂದೆ, ಎದೆ ಉಬ್ಬಿಸಿ.

ಅವನು ನನ್ನ ತಲೆಯ ಮೇಲಿನ ಹುರುಳಿ ಸೊಪ್ಪನ್ನೊಮ್ಮೆ ನೋಡಿದ. "ಆಗ್ಲಿ ಬಿಡಣ್ಣ" ಎಂದ. "ನನ್ನ ವಿಮಾನಾನೂ ಮೇಲೂರಲ್ಲೇ ನಿಲ್ಸಿದೀನಿ."