ನಮ್ಮ ಗಲ್ಲಿಗೆ ಒಂದೇ ಚುಕ್ಕಿ

ಯಾರಾದರೂ ನನ್ನ ಅಭಿಪ್ರಾಯ ಕೇಳಿದರೆ ನನಗೆ ಗಾಬರಿಯಾಗುತ್ತದೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಅಭ್ಯಾಸವಿಲ್ಲದ ಕೆಲಸ ಯಾರಿಗೂ ಕಷ್ಟವೇ. ನನ್ನ ಮದುವೆಯ ಹೊತ್ತಿಗೆ ಹಿರಿಯರು ನನ್ನನ್ನು ಕೇಳಿದ್ದು ಅಂಗಿಯ ಅಳತೆಯೊಂದನ್ನೇ. ನಾಚಾರಂನ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ ಗುಮಾಸ್ತ. ಅಲ್ಲಿ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಸಾಹೇಬರು ನನ್ನತ್ತ ತಿರುಗಿ "ನೀವೇನಂತೀರಿ?" ಎಂದಿದ್ದರು. ನಾನು ಎದ್ದು ನಿಂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ, ಅವರು ಕೇಳಿದ್ದು ನನ್ನ ಹಿಂದೆ ಕೂತಿದ್ದವರನ್ನು ಎಂದು ಗೊತ್ತಾಯಿತು. ಇಂಥವನ ಕೈಗೆ ಒಂದಿಡೀ ಗಲ್ಲಿಯ ಅಭಿಪ್ರಾಯ ಬಂದು ಬಿದ್ದರೆ ಏನಾಗಬೇಕೋ ಅದೇ ಆಯಿತು.

ಆಗ ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣ ಏಳುತ್ತಿತ್ತು. ಊರಿನ ಆ ತುದಿಯಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ತಲೆ ಎತ್ತುತ್ತಿತ್ತು. ಸುಲ್ತಾನ್ ಬಜಾರಿನ ಬೆನ್ನಿಗಿರುವ ನಮ್ಮ ಗಲ್ಲಿಯನ್ನು ಮಾತ್ರ ಯಾರೂ ಮೂಸಿ ನೋಡಿರಲಿಲ್ಲ. ಇಪ್ಪತ್ತಮೂರು ಹಳೆಯ ಮನೆಗಳು, ಗಲ್ಲಿಯ ಬಾಯಲ್ಲಿ ಒಂದು ಕಲ್ಲಿನ ಕಮಾನು. ಅದನ್ನು ಯಾರು ಕಟ್ಟಿಸಿದರೋ, ಯಾಕೆ ಕಟ್ಟಿಸಿದರೋ ನಮಗ್ಯಾರಿಗೂ ಗೊತ್ತಿಲ್ಲ. ಅದರ ನೆರಳಿನಲ್ಲಿ ಶರಣಮ್ಮ ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಬೀದರ ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆಂದು ಬಂದವರು. ಗಂಡ ತೀರಿಕೊಂಡ ಮೇಲೆ ಕಮಾನಿನ ಕೆಳಗಿನ ಆ ಒಲೆಯೇ ಅವರ ಬದುಕು.

ಇಂಥ ನಮ್ಮ ಗಲ್ಲಿಗೆ ಒಂದು ಭಾನುವಾರ ಸ್ವಾತಿ ಎಂಬ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ರಾಯಚೂರಿನವಳು, ನಮ್ಮ ಮಾತೇ ಅವಳದೂ. ಹಳೆಯ ಗಲ್ಲಿಗಳನ್ನು ದುರಸ್ತಿ ಮಾಡುವ ಯೋಜನೆಯಂತೆ. ಮೊದಲಾದರೆ ಅಧಿಕಾರಿಗಳು ಟೇಪು ಹಿಡಿದು ಬಂದು ತಮಗೆ ತೋಚಿದ್ದನ್ನು ಕೆಡವಿ ಹೋಗುತ್ತಿದ್ದರು. ಇನ್ನು ಮುಂದೆ ಹಾಗಿಲ್ಲ, ಅಲ್ಲಿರುವ ಜನರೇ ಹೇಳಬೇಕು. ಇಂಟರ್‌ನೆಟ್ಟಿನಲ್ಲಿ ಗಲ್ಲಿಯ ನಕ್ಷೆ ಇದೆ, ಒಂದೊಂದು ಮನೆಯ ಮೇಲೂ ಒತ್ತಿ, ಇಷ್ಟವಾದರೆ ಐದು ಚುಕ್ಕಿ, ಇಲ್ಲದಿದ್ದರೆ ಒಂದು ಚುಕ್ಕಿ ಕೊಡಬೇಕು, ಕೆಳಗೆ ಎರಡು ಸಾಲು ಬರೆಯಬೇಕು. "ನಿಮ್ಮ ಗಲ್ಲಿ, ನಿಮ್ಮ ಮಾತ ಕಡೀ ಮಾತು" ಎಂದಳು. ಎಲ್ಲರೂ ಬಹಳ ಹೊತ್ತು ತಲೆಯಾಡಿಸಿದರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ಯಾಕೆಂದರೆ ಗಲ್ಲಿಯಲ್ಲಿ ಇಮೇಲ್ ಇದ್ದವನು ನಾನೊಬ್ಬನೇ. ಕಾರ್ಖಾನೆಯಲ್ಲಿ ನಟ್ಟು ಬೋಲ್ಟಿನ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುತ್ತೇನೆಂಬ ಕಾರಣಕ್ಕೆ ನನ್ನನ್ನು ಕಂಪ್ಯೂಟರ್ ಸಾಹೇಬರು ಎಂದು ಕರೆಯುವವರೂ ಇದ್ದರು. ನಾನೂ ಬೇಡವೆನ್ನುತ್ತಿರಲಿಲ್ಲ. ಒಂದು ನೋಟ್‌ಬುಕ್ಕು ಹಿಡಿದು ಮನೆಮನೆಗೆ ಹೊರಟೆ.

ಮೊದಲು ದೇಶಪಾಂಡೆ ಕಾಕಾ. ಅವರ ಮಹಡಿಯ ಕಟ್ಟಿಗೆಯ ಗ್ಯಾಲರಿಯನ್ನು ನೋಡಲು ಬಜಾರಿಗೆ ಬಂದವರೆಲ್ಲ ಒಂದು ಗಳಿಗೆ ನಿಲ್ಲುತ್ತಾರೆ. ನಾನು ಹೋದಾಗ ಕಾಕಾ ಅದಕ್ಕೆ ಎಣ್ಣೆ ಬಟ್ಟೆ ಹಾಕಿ ಉಜ್ಜುತ್ತಿದ್ದರು. "ಏನ್ ಚಂದ ತಗೋ ಮಾರಾಯ, ಗೆದ್ದಲ ತಿನ್ನಾಕತ್ತೈತಿ. ಒಂದ ಚುಕ್ಕಿ ಬರಕೋ" ಎಂದರು. ಹಾಗಾದರೆ ಎದುರು ಮನೆಗೆ? "ಬ್ಯಾಡಪಾ, ಮಂದಿ ಮನಿ ಹೊಗಳಿ ನಾಳೆ ಅವರಿಗೇನರ ಆದ್ರ ನನ್ನ ಕಣ್ಣಂತಾರ. ಅದಕ್ಕೂ ಒಂದ."

ಇದು ನಮ್ಮವರ ರೀತಿ. ನಮ್ಮದನ್ನು ನಾವು ಹೊಗಳಿದರೆ ದೃಷ್ಟಿ ಆಗುತ್ತದೆ, ಮತ್ತೊಬ್ಬರದನ್ನು ಹೊಗಳಿದರೆ ದೃಷ್ಟಿ ಹಾಕಿದವರು ನಾವಾಗುತ್ತೇವೆ. ಶಾಲೆಗೆ ಮೊದಲಿಗನಾಗಿ ಬಂದ ಮಗನ ಬಗ್ಗೆ ಕೇಳಿದರೂ "ಏನೋ ಪಾಸಾದನ್ರಿ" ಎನ್ನುತ್ತೇವೆ. ನನ್ನ ಹೆಂಡತಿ ಎಣ್ಣೆಗಾಯಿ ಅದ್ಭುತವಾಗಿ ಮಾಡಿದ ದಿನ "ಇವತ್ತ ಕೆಟ್ಟೈತಿ, ಹಂಗ ಉಣ್ರಿ" ಎಂದೇ ಬಡಿಸುತ್ತಾಳೆ. ನಿಜವಾಗಿ ಕೆಟ್ಟ ದಿನ ಏನೂ ಹೇಳುವುದಿಲ್ಲ. ಮದುವೆಯಾಗಿ ಎರಡು ವರ್ಷ ಇದು ತಿಳಿಯದೆ ನಾನು ಬಹಳ ಅನುಭವಿಸಿದ್ದೇನೆ.

ಹೀಗೆ ಮನೆಮನೆಯಲ್ಲೂ ಒಂದೇ ಚುಕ್ಕಿ. ನನ್ನ ಮನೆಯ ಸರದಿ ಬಂದಾಗ ಅಡುಗೆಮನೆಯಿಂದಲೇ ಅಪ್ಪಣೆಯಾಯಿತು: "ಒಂದ ಹಾಕ್ರಿ, ಸುಮ್ಮನ ಊರ ಕಣ್ಣು ಯಾಕ?" ಕಮಾನಿನ ಬಗ್ಗೆ ಶರಣಮ್ಮನನ್ನು ಕೇಳಿದೆ. "ಹಳೀ ಕಲ್ಲು ಅಣ್ಣಾರ, ಅದಕ್ಯಾತರ ಚುಕ್ಕಿ? ಕೊಡಲಿಲ್ಲಂದ್ರ ಬ್ಯಾಸರ ಮಾಡ್ಕೊಂಡೀತು, ಒಂದ ಕೊಡ್ರಿ" ಎಂದರು. ಬಜಾರಿನ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಎಲ್ಲವನ್ನೂ ಶ್ರದ್ಧೆಯಿಂದ ತುಂಬಿದೆ. ನಡುವೆ ಸಣ್ಣದೊಂದು ಅನುಮಾನ ಬಂದದ್ದು ನಿಜ. ಆದರೆ ಒಂದು ಎಂದರೆ ಒಂದನೇ ನಂಬರೂ ಇರಬಹುದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ತಿಂಗಳು ಕಳೆದ ಮೇಲೆ ಸ್ವಾತಿ ಮುಖ ಸಣ್ಣದು ಮಾಡಿಕೊಂಡು ಬಂದಳು. ನಕ್ಷೆಯಲ್ಲಿ ಅಕ್ಕಪಕ್ಕದ ಗಲ್ಲಿಗಳೆಲ್ಲ ಹಸಿರಾಗಿದ್ದವು, ನಮ್ಮದು ಮಾತ್ರ ಬೂದಿ ಬಣ್ಣಕ್ಕಿತ್ತು.

"ಅಣ್ಣಾರ, ಇಲ್ಲಿ ಮಂದಿಗೆ ತಮ್ಮ ಗಲ್ಲಿ ಮ್ಯಾಲ ಪ್ರೀತಿನ ಇಲ್ಲಂತ ಬಂದೈತ್ರಿ. ಕಮಾನ ಕೆಡವಿ ಗಾಡಿ ನಿಲ್ಲಸಾಕ ಜಾಗಾ ಮಾಡ್ತಾರಂತ."

ನನಗೆ ಸಿಟ್ಟು ಬಂತು. "ಪ್ರೀತಿ ಇಲ್ಲಂತ ಯಾವನವಾ ಹೇಳಿದಾಂವ?"

"ನೀವರಿ. ಇಪ್ಪತ್ಮೂರು ಮನಿ, ಮ್ಯಾಲೊಂದು ಕಮಾನ, ಇಪ್ಪತ್ನಾಕು ಸಲ ಹೇಳೀರಿ."

ಪರದೆಯ ಮೇಲೆ ಸಾಲಾಗಿ ನನ್ನ ಹೆಸರೇ ಇತ್ತು. ನನಗೆ ಒಂದೂ ಅರ್ಥವಾಗಲಿಲ್ಲ. ಎಲ್ಲರೂ ಹೇಳಿದ್ದನ್ನು ನಾನು ಬರೆದಿದ್ದೆ. ಯಾರೂ ಸುಳ್ಳು ಹೇಳಿರಲಿಲ್ಲ. ಆದರೂ ಅದು ನಿಜವಾಗಿರಲಿಲ್ಲ. ತಿದ್ದೋಣವೆಂದರೆ ಕೊನೆಯ ದಿನ ಮುಗಿದಿತ್ತು. ಬರುವ ಭಾನುವಾರ ಯೋಜನೆಯ ಕಮಿಟಿಯವರು ಬರುತ್ತಾರೆ, ಏನಿದ್ದರೂ ಅವರ ಮುಂದೆ ಬಾಯಿಬಿಟ್ಟು ಹೇಳಬೇಕು ಎಂದಳು. ಕಮಾನು ಬೀಳುವ ಸುದ್ದಿಯನ್ನು ಗಲ್ಲಿಗೆಲ್ಲ ಹೇಳಿದೆ. ಯಾಕೆ ಬೀಳುತ್ತದೆಂಬುದನ್ನು ಹೇಳಲಿಲ್ಲ. ಆ ವಾರವಿಡೀ ಶರಣಮ್ಮನ ಮುಂದೆ ತಲೆ ತಗ್ಗಿಸಿಕೊಂಡೇ ಹಾದುಹೋದೆ, ಹಾದುಹೋಗಲು ಬೇರೆ ದಾರಿಯೂ ಇರಲಿಲ್ಲ.

ಭಾನುವಾರ ಕಮಿಟಿಯ ಐವರು ಬಂದು ಕುರ್ಚಿಗಳಲ್ಲಿ ಕೂತರು. "ಈ ಕಮಾನಿನಲ್ಲಿ ಏನು ವಿಶೇಷ?" ಎಂದು ಹಿಂದಿಯಲ್ಲಿ ಕೇಳಿದರು. ದೇಶಪಾಂಡೆ ಕಾಕಾ ಆಕಾಶ ನೋಡಿದರು. ನಾನು ಎದ್ದೆ, ಐವರಿಗೂ ನಮಸ್ಕಾರ ಮಾಡಿ ಮತ್ತೆ ಕೂತೆ. ಆಗ ಶರಣಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದರು.

"ಏನೈತ್ರಿ ಇದರಾಗ ಹೇಳಾಕ? ದಂಡದ ಕಲ್ಲು! ಬ್ಯಾಸಗ್ಯಾಗ ಊರೆಲ್ಲಾ ಸುಡತಿದ್ರ ಇದು ತಣ್ಣಗ ನಿಂತಿರತೈತಿ, ನಾಚಿಕಿ ಬ್ಯಾಡ ಅದಕ್ಕ? ಮಳಿ ಬಂದ್ರ ಬಜಾರ್ ಮಂದೀನೆಲ್ಲಾ ಬುಡಕ ಕರಕೊಂಡು ನನ್ನ ಒಲಿ ತುಳಸತೈತಿ. ಪಾರಿವಾಳದ ಗದ್ದಲ ಬ್ಯಾರೆ. ನನ್ನ ಗಂಡ ಸತ್ತಾಗ ಎಲ್ಲಿ ಕುಂಡ್ರಬೇಕಂತ ತಿಳೀಲಿಲ್ಲ, ಇದರ ಬುಡಕ ಬಂದು ಕುಂತೆ. ಇಷ್ಟ ವರ್ಷ ಆತು, ಏಳು ಅಂದಿಲ್ಲ ಇದು. ಅಷ್ಟರಿ. ಚಲೋದೇನೂ ಇಲ್ಲ ಇದರಾಗ."

ನನ್ನ ಕಣ್ಣು ತುಂಬಿ ಬಂತು. ಸ್ವಾತಿ ತಲೆ ಎತ್ತದೆ ಟೈಪು ಮಾಡುತ್ತಿದ್ದಳು. ಆಮೇಲೆ ಕಮಿಟಿಯವರಿಗೆ ಹಿಂದಿಯಲ್ಲಿ, ಈ ಜನ ಎಷ್ಟು ಬೈಯುತ್ತಾರೋ ಅಷ್ಟು ಚುಕ್ಕಿ ಎಂದು ಎಣಿಸಬೇಕು ಸಾರ್ ಎಂದು ವಿವರಿಸಿದಳು. ಅಷ್ಟು ಸಾಕಾಯಿತು. ಕಾಕಾ ತಮ್ಮ ಗ್ಯಾಲರಿಯನ್ನು ಕಾಲು ಗಂಟೆ ಬೈದರು. ನನ್ನ ಹೆಂಡತಿ ನಮ್ಮ ಹಿತ್ತಾಳೆ ಕೀಲಿನ ಬಾಗಿಲನ್ನು, ಅದರ ಜೊತೆಗೆ ನನ್ನನ್ನೂ ಬೈದಳು. ಕಮಾನು ಉಳಿಯಿತು; ಸಂದುಗಳಿಗೆ ಹೊಸ ಗಾರೆಯೂ ಬಿತ್ತು.

ಕೆಲಸ ಮುಗಿದ ಮೇಲೆ ಕಮಾನಿನ ಕೆಳಗೇ ಸಣ್ಣ ಸಮಾರಂಭ. ಕಮಿಟಿಯ ಅಧ್ಯಕ್ಷರು ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಸಲ ಪಾಲ್ಗೊಂಡ ನಾಗರಿಕ ನಾನೇ ಎಂದು ಕಂಪ್ಯೂಟರು ಲೆಕ್ಕ ಕೊಟ್ಟಿತ್ತಂತೆ. ಎಷ್ಟು ಸಲ ಬಂದನೆಂದು ಅದು ಎಣಿಸಿತ್ತೇ ಹೊರತು ಬಂದು ಏನು ಹೇಳಿದನೆಂದು ನೋಡಿರಲಿಲ್ಲ. ಶಾಲು ಹೊದಿಸಿ ಪ್ರಮಾಣಪತ್ರ ಕೊಟ್ಟರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಶರಣಮ್ಮ. "ಅಣ್ಣಾರು ಬರದು ಬರದು ನಮ್ಮ ಕಮಾನ ಉಳಿಸಿದ್ರು" ಎಂದು ಈಗಲೂ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾರೆ. ಸಂಜೆ ನಾನು ಕಾರ್ಖಾನೆಯಿಂದ ಬರುವುದನ್ನೇ ಕಾದು, ತಡೆದು ನಿಲ್ಲಿಸಿ, ಒಂದು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೈಗಿಡುತ್ತಾರೆ. ಇವತ್ತು ನಿಜ ಹೇಳಿಬಿಡಬೇಕು ಎಂದು ಬಸ್ಸಿನಲ್ಲಿ ದಿನವೂ ಗಟ್ಟಿ ಮನಸ್ಸು ಮಾಡುತ್ತೇನೆ. ಆದರೆ ನಾನು ಬಸ್ಸಿಳಿದು ಬರುವುದಕ್ಕೂ ಹೆಂಚಿನ ಮೇಲೆ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತದೆ.