ಚಾಕು ಭಾಳ ಹರಿತ ಆಗೇತ್ರಿ

ಹಾನಗಲ್ಲಿನಲ್ಲಿ ನನ್ನದೊಂದು ಸಣ್ಣ ಕುಲುಮೆ. ಅಡುಗೆಮನೆಗೆ, ಹೊಲಕ್ಕೆ ಬೇಕಾಗುವ ಚಾಕುಗಳನ್ನು ಕೈಯಿಂದಲೇ ಬಡಿದು ಮಾಡುತ್ತೇನೆ. ನನಗೆ ಸಿಟ್ಟು ಜಾಸ್ತಿ ಅಂತ ಊರೆಲ್ಲ ಹೇಳುತ್ತದೆ. ಒಂದು ವಾರ ನನ್ನ ಕಟ್ಟೆಯ ಮೇಲೆ ಬಂದು ಕುಂತು ನೋಡಲಿ, ಆಮೇಲೆ ಹೇಳಲಿ.

೧. ಬಂಕಾಪುರದ ಅಕ್ಕ

ಬಂಕಾಪುರದ ಹೆಣ್ಣುಮಗಳೊಬ್ಬರು ನನ್ನ ಚಾಕು ವಾಪಸು ತಂದು, ಬಟ್ಟೆ ಸುತ್ತಿದ ಬೆರಳು ತೋರಿಸಿದರು. ಹಳೇ ಚಾಕು ಹದಿನೈದು ವರ್ಷ ಬಳಸಿದರೂ ಒಮ್ಮೆಯೂ ಬೆರಳು ಕೊಯ್ದಿರಲಿಲ್ಲವಂತೆ.

"ಅದು ಉಳ್ಳಾಗಡ್ಡಿನಾದ್ರೂ ಕೊಯ್ತಿತ್ತೇನ್ರಿ ಅಕ್ಕಾರ?" ಅಂದೆ.

"ಇಲ್ರಿ, ಉಳ್ಳಾಗಡ್ಡಿ ಗುದ್ದಿ ಒಡೀತಿದ್ವಿ."

ಅವರಿಗೆ ಬೇಕಾಗಿದ್ದು ಇಷ್ಟೇ: ನನ್ನ ಚಾಕನ್ನೂ ಸ್ವಲ್ಪ ಮೊಂಡು ಮಾಡಿಕೊಡಬೇಕು. ನನ್ನ ಮೈಯೆಲ್ಲ ಉರಿಯಿತು. ಎರಡು ದಿನ ಬಡಿದು, ಮಸೆದು ತಂದ ಹರಿತ ಅದು. ಆಗುವುದಿಲ್ಲ ಅಂತ ಕೂಗಾಡಿದೆ. ಅವರು ಕದಲಲಿಲ್ಲ. ಕೊನೆಗೆ ಹಲ್ಲು ಕಚ್ಚಿಕೊಂಡು, ನನ್ನ ಕೈಯಾರೆ ಅಲಗನ್ನು ಕಲ್ಲಿಗೆ ಅಡ್ಡಡ್ಡ ಉಜ್ಜಿದೆ. ಅವರು ಹೆಬ್ಬೆರಳಿನಿಂದ ಮುಟ್ಟಿ ನೋಡಿ ಮುಖ ಅರಳಿಸಿದರು.

"ನೋಡ್ರಿ, ಮನಸ್ಸು ಮಾಡಿದ್ರ ಎಷ್ಟು ಚಲೋ ಕೆಲಸ ಮಾಡ್ತೀರಿ."

೨. ಹಿರೇಕೆರೂರು ಬಸ್ಸು

ಸಂತೆಗೆಂದು ಹತ್ತು ಚಾಕು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಆಯುಧ ಒಯ್ಯುವಂತಿಲ್ಲ, ಇಳೀರಿ ಅಂದರು ಕಂಡಕ್ಟರು. ಹಿಂದಿನ ಸೀಟಿನವರ ಕಂಕುಳಲ್ಲಿ ಕುಡುಗೋಲಿದೆ, ಅದೇನು ಬಾಚಣಿಗೆಯೋ ಅಂತ ನಾನು ಜಗಳಕ್ಕೆ ನಿಂತೆ. ಬಸ್ಸೂ ನಿಂತಿತು. ಕೊನೆಗೆ ಚೀಲ ಕಂಡಕ್ಟರ್ ಸೀಟಿನ ಕೆಳಗಿರಬೇಕು ಅಂತ ರಾಜಿಯಾಯಿತು. ನಾನು ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಬುಸುಗುಡುತ್ತ ಕುಂತೆ.

ಹಿರೇಕೆರೂರಿನಲ್ಲಿ ಇಳಿದಾಗ ಚೀಲದಲ್ಲಿ ನಾಲ್ಕು ಚಾಕು ಕಡಿಮೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರು ರೊಕ್ಕ ಕೈಗಿಟ್ಟರು. ಜಗಳ ಕೇಳಿದ ಜನ ಅಂಥಾ ಚಾಕು ಹೇಗಿದೆ ನೋಡೋಣ ಅಂದರಂತೆ, ಇವರೇ ಮಾರಿಬಿಟ್ಟಿದ್ದರು. ಬೆಲೆಯನ್ನು ಜಗಳದಲ್ಲಿ ನಾನೇ ಕೂಗಿ ಹೇಳಿದ್ದೆನಂತೆ.

"ನೀವು ಆ ಕಡೆ ಮುಖ ಮಾಡಿ ಕುಂತ್ರ ಮಾಲು ಚಲೋ ಹೋಗ್ತೈತ್ರಿ," ಅಂದರು.

೩. ಹಸಿರು ಹಿಡಿಕೆ

ನಮ್ಮ ಓಣಿಯ ಆಯಿಯೊಬ್ಬಳು ಸವಣೂರು ಸಂತೆಯ ಚಾಕು ತಂದು ಮಸೆದುಕೊಡು ಅಂದಳು. ಹಸಿರು ಪ್ಲಾಸ್ಟಿಕ್ ಹಿಡಿಕೆ, ತಗಡಿನಂಥ ಅಲಗು. ನನಗೆ ತಡೆಯಲಾಗಲಿಲ್ಲ. ಕೈಕೆಲಸ ಹಾಳಾಗಿದ್ದೇ ಇಂಥವರಿಂದ ಅಂತ ಶುರು ಮಾಡಿದವನು, ಇದನ್ನು ಕೊಂಡವರ ತಲೆಯೊಳಗೆ ಏನಿದೆ ಅನ್ನುವವರೆಗೂ ಬಂದೆ.

ಆಯಿ ಎಲ್ಲವನ್ನೂ ಸಮಾಧಾನದಿಂದ ಕೇಳಿದಳು. "ಏನೈತಿ ಅಂತ ಮನಿಗೆ ಹೋಗಿ ಕೇಳಪಾ. ಈ ಚಾಕು ನಿನ್ನ ಹೆಂಡ್ತಿನೇ ಕೊಟ್ಟು ಕಳಿಸ್ಯಾಳ. ನಿನಗ ಹೇಳಬ್ಯಾಡ ಅಂದಿದ್ಲು."

ಮನೆಗೆ ಹೋದೆ. ನಾನು ಮಾಡಿಕೊಟ್ಟ ಚಾಕು ಗೋಡೆಯ ಮಾಡದಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಯಾಕೆ ಅಂತ ಕೇಳಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಚಾಕು ಮುಟ್ಟಿದ್ರ, ನೀರಾಗ ಬಿಡಬ್ಯಾಡ, ನಿಂಬಿಹಣ್ಣು ಹೆಚ್ಚಬ್ಯಾಡ, ಹಂಗ ಹಿಡೀಬ್ಯಾಡ ಅಂತ ದಿನಾ ಬೈತೀರಿ. ಈ ಚಾಕು ಮಾರಿದಾಂವ, ಹೆಂಗ ಬೇಕಾದ್ರ ಹಂಗ ಬಳಸ್ರಿ ಅಕ್ಕಾರ ಅಂದ."

ಆ ಹಸಿರು ಹಿಡಿಕೆಯ ಚಾಕು ಈಗ ನಮ್ಮ ಓಣಿಯಲ್ಲೇ ಬಲು ಹರಿತ. ವಾರಕ್ಕೊಮ್ಮೆ ನಾನೇ ಮಸೆಯುತ್ತೇನೆ, ಬಾಯಿ ಮುಚ್ಚಿಕೊಂಡು.