ನನ್ನ ಕುದುರೆ ಗೆದ್ದ ಅನಾಹುತ

ಕುದುರೆ ಜೂಜಿನಲ್ಲಿ ಹಾಳಾದವರೆಲ್ಲ ಸೋತು ಹಾಳಾದವರು. ಗೆದ್ದು ಹಾಳಾದವನು, ನನಗೆ ತಿಳಿದ ಮಟ್ಟಿಗೆ, ಆದವಾನಿ ಸೀಮೆಯಲ್ಲಿ ನಾನೊಬ್ಬನೇ. ಈ ಗೌರವ ತನಗೆ ಬೇಕೆಂದು ಯಾರಾದರೂ ಬಂದರೆ ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಆಗ ನಮ್ಮೂರು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಾನು ಒಂದು ಹತ್ತಿ ಪ್ರೆಸ್ಸಿನಲ್ಲಿ ಗುಮಾಸ್ತನಾಗಿದ್ದೆ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ವಾರವೆಲ್ಲ ಯಂತ್ರದ ಗದ್ದಲದಲ್ಲಿ ಮಾತಾಡುವಂತಿರಲಿಲ್ಲ. ಭಾನುವಾರ ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಅನ್ನಕ್ಕೆ ಎಸರಿಟ್ಟು ಅದರ ಕೊತಕೊತ ಸದ್ದಿಗೆ "ಹೌದು, ಹೌದು" ಅನ್ನುವ ಅಭ್ಯಾಸ ಶುರುವಾದಾಗ ನನಗೇ ಹೆದರಿಕೆಯಾಯಿತು. ಅಂದಿನಿಂದ ಸಂಜೆ ಹೊತ್ತು ಸ್ಟೇಷನ್ನಿನ ಕಡೆ ಹೋಗತೊಡಗಿದೆ. ಬರುವವರು ಯಾರೂ ಇಲ್ಲದಿದ್ದರೂ ರೈಲಿಗೆ ಕಾಯಬಾರದೆಂದು ಕಾಯಿದೆಯೇನೂ ಇಲ್ಲವಲ್ಲ.

ಸ್ಟೇಷನ್ನಿನ ಹೊರಗೆ ಬೇವಿನ ಮರದ ಕೆಳಗೆ ಒಂದು ಬೆಂಚಿತ್ತು. ಅಲ್ಲಿ ಮೂವರು ಖಾಯಂ. ಹತ್ತಿ ದಲ್ಲಾಳಿ ಸುಬ್ಬಯ್ಯ ಶೆಟ್ಟಿ. ದೇವನಕೊಂಡದ ಕಡೆಯಿಂದ ಕುರಿ ಹೊಡೆದುಕೊಂಡು ಬಂದು ಮಾರುವ ಬೀರಪ್ಪ. ಪಕ್ಕದಲ್ಲೇ ಎಲೆಯಡಿಕೆ ಅಂಗಡಿ ಇಟ್ಟಿದ್ದ ಖಾದರ್ ಸಾಬ. ಅವನ ಅಂಗಡಿಯಲ್ಲಿ ಎಲೆಯಡಿಕೆಗಿಂತ ಮದರಾಸಿನ ಕುದುರೆಗಳೇ ಹೆಚ್ಚು ಖರ್ಚಾಗುತ್ತಿದ್ದವು. ಓಡುವ ಕುದುರೆಗಳ ಪಟ್ಟಿ ವಾರದ ಮಧ್ಯೆ ಅವನಿಗೆ ಬರುತ್ತಿತ್ತು. ಬೇಕಾದವರು ಬೇಕಾದ ಕುದುರೆಗೆ ಅವನ ಹತ್ತಿರ ದುಡ್ಡು ಕಟ್ಟುತ್ತಿದ್ದರು. ಯಾವುದು ಗೆದ್ದಿತೆಂಬುದು ಭಾನುವಾರ ಸಂಜೆ ಮದರಾಸ್ ಮೇಲ್ ತರುವ ಪತ್ರಿಕೆಯಲ್ಲಿ ತಿಳಿಯುತ್ತಿತ್ತು.

ಒಂದು ಸಂಜೆ ನಾನು ಬೆಂಚಿನ ತುದಿಯಲ್ಲಿ ಕೂತಿದ್ದೆ. ಶೆಟ್ಟಿ, ಎಲ್ಲರೂ ಗೆಲ್ಲುತ್ತದೆಂದು ನಂಬಿದ್ದ ಕುದುರೆಗೆ ಕಟ್ಟಿ, ನನ್ನ ಕಡೆ ತಿರುಗಿದ.

"ಏಮಿ ರಾವುಗಾರು, ನೀವು ಯಾವುದಕ್ಕ ಕಟ್ಟತೀರಿ?"

ಕುದುರೆಯ ವಿಷಯ ನನಗೆ ಜಟಕಾ ಹತ್ತುವುದರಾಚೆ ಏನೂ ತಿಳಿಯದು. ಪಟ್ಟಿಯಲ್ಲಿ ಕಡೆಯ ಹೆಸರಿನ ಮೇಲೆ ಬೆರಳಿಟ್ಟು ನಾಲ್ಕಾಣೆ ಕೊಟ್ಟೆ. ಮೂವರೂ ಬಿದ್ದು ಬಿದ್ದು ನಕ್ಕರು.

"ಇದರ ಮ್ಯಾಲೆ ಅದರ ಮಾಲಕನೂ ಕಟ್ಟಂಗಿಲ್ರಿ," ಅಂದ ಬೀರಪ್ಪ.

"ಸಾಬ್, ಇದು ಓಡಾಕ ಬರೋ ಘೋಡಾ ಅಲ್ಲ, ಉಳಿದವು ಓಡೋದು ನೋಡಾಕ ಬರೋ ಘೋಡಾ," ಅಂದ ಖಾದರ್.

ಅಷ್ಟು ಜನ ಒಟ್ಟಿಗೆ ನನ್ನೊಡನೆ ಮಾತಾಡಿ ಎಷ್ಟು ಕಾಲವಾಗಿತ್ತೋ! ನಾಲ್ಕಾಣೆಗೆ ಅಷ್ಟೊಂದು ಮಾತು ಬೇರೆಲ್ಲಿ ಸಿಗುತ್ತದೆ? ನಾನು ಬಿಡದೆ ಕಟ್ಟತೊಡಗಿದೆ. ಪ್ರತಿ ಸಲವೂ ಕಡೆಯ ಹೆಸರಿಗೇ.

ಆ ಬೆಂಚಿಗೆ ಒಂದು ಕಟ್ಟಳೆ ಇತ್ತು. ಯಾರ ಕುದುರೆ ಕಡೆಗೆ ಬರುತ್ತದೋ ಅವರಿಗೆ ಉಳಿದವರು ಕಾಫಿ ಕೊಡಿಸಬೇಕು. ಆ ವರ್ಷ ನಾನು ಕುಡಿದ ಕಾಫಿಗೆ ಲೆಕ್ಕವಿಲ್ಲ. ಸೋಲುವುದರಲ್ಲಿ ನನ್ನನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ನಾನು ಬರುವುದು ತಡವಾದರೆ, "ನಮ್ಮ ಕಡೇ ಕುದುರಿ ಇನ್ನಾ ಬರಲಿಲ್ಲಲ್ಲ," ಎಂದು ಬೀರಪ್ಪ ದಾರಿ ನೋಡುತ್ತಿದ್ದನಂತೆ. ಇದನ್ನು ಖಾದರ್ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಅಷ್ಟು ಖುಷಿ.

ಸಂಕ್ರಾಂತಿ ಮುಗಿದ ಮೇಲೆ ವರ್ಷದ ದೊಡ್ಡ ರೇಸು ಬಂತು. ಪಟ್ಟಿಯ ಕಡೆಗೆ 'ಲೇಡಿ ಪಿಕಲ್' ಎಂಬ ಹೆಸರಿತ್ತು. ಅರ್ಥ ಹೇಳಿದೆ. ಬೀರಪ್ಪ ಆಕೆಗೆ ಕೂಡಲೇ ಉಪ್ಪಿನಕಾಯಮ್ಮ ಎಂದು ನಾಮಕರಣ ಮಾಡಿದ. ದೊಡ್ಡ ರೇಸಿಗೆ ದೊಡ್ಡ ಸೋಲೇ ಇರಲೆಂದು ನಾನು ಇಡೀ ಒಂದು ರೂಪಾಯಿ ಕಟ್ಟಿದೆ. ಮರುದಿನ ಬೀರಪ್ಪ ಬಟ್ಟೆಯಲ್ಲಿ ಒಂದು ಗಂಟು ಕಟ್ಟಿಕೊಂಡು ಬಂದ.

"ನಮ್ಮ ಹೊಲದ ಹುರಳಿ ಐತ್ರಿ ರಾಯರ. ನಿಮ್ಮ ಉಪ್ಪಿನಕಾಯಮ್ಮಗ ಕಳಸ್ರಿ. ಆಕಿ ಹೊಟ್ಟಿಗಿಲ್ದ ನಿಂತಾಳ."

ಆ ವಾರದಷ್ಟು ನಾನು ಜನ್ಮದಲ್ಲೇ ನಕ್ಕಿರಲಿಲ್ಲ. ಗಂಟನ್ನು ಮನೆಗೆ ತಂದು ಗೂಟಕ್ಕೆ ತಗುಲಿಹಾಕಿದೆ.

ಭಾನುವಾರ ಮೇಲ್ ಬಂತು. ಶೆಟ್ಟಿ ಪತ್ರಿಕೆ ಬಿಡಿಸಿ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ನನ್ನ ಮುಖ ನೋಡಿದ.

"ಉಪ್ಪಿನಕಾಯಮ್ಮ ಗೆದ್ದಾಳ."

ಯಾರೂ ನಗಲಿಲ್ಲ. ಖಾದರ್ ಸಾಬ ಗಲ್ಲಾಪೆಟ್ಟಿಗೆ ಬರಿದು ಮಾಡಿ, ಸಾಲದ್ದಕ್ಕೆ ಪಕ್ಕದ ಅಂಗಡಿಯಲ್ಲಿ ಕೈಗಡ ತಂದು, ನನ್ನ ತಿಂಗಳ ಸಂಬಳಕ್ಕಿಂತ ಹೆಚ್ಚು ಎಣಿಸಿ ಕೊಟ್ಟ. ಬೀರಪ್ಪ ಎದ್ದು ನಿಂತು, ಹೆಗಲ ಮೇಲಿನ ಟವಲಿನಿಂದ ಬೆಂಚಿನ ನಡುಭಾಗ ಒರೆಸಿ, "ಇಲ್ಲಿ ಕೂಡ್ರಿ," ಅಂದ. ತುದಿಯಲ್ಲಿ ಕೂತವನನ್ನು ಗೇಲಿ ಮಾಡಬಹುದು. ನಡುವೆ ಕೂರಿಸಿದವನನ್ನು ಮಾಡಲಾಗುವುದಿಲ್ಲ. ಎಲ್ಲರಿಗೂ ನಾನೇ ಕಾಫಿ ತರಿಸಿದೆ. ಸಾವಿನ ಮನೆಯಲ್ಲಿ ಕುಡಿದಂತೆ ಕುಡಿದರು.

"ನನಗೇನೂ ತಿಳಿಯದ್ರಪಾ. ಕಡೇ ಹೆಸರು ಅಂತ ಕಟ್ಟಿದೆ, ಅಷ್ಟೇ," ಅಂದೆ.

"ತೆಲಿಸಿನವಾಳ್ಳು ಇಲಾನೇ ಅಂಟಾರು. ತಿಳಿದೋರು ಹಿಂಗ ಅಂತಾರ," ಎಂದು ಶೆಟ್ಟಿ ಕೈ ಮುಗಿದ.

ಮುಂದಿನ ಪಟ್ಟಿ ಬಂದಾಗ ನಾನೊಂದು ಉಪಾಯ ಹೂಡಿದೆ. ಮತ್ತೆ ಎಲ್ಲರೂ ನಗಬೇಕು, ನಾನು ಮತ್ತೆ ತುದಿಗೆ ಹೋಗಬೇಕು. ಅದಕ್ಕೆ ಕಡೆಯ ಕುದುರೆಯ ಗುಣಗಾನ ಶುರುಮಾಡಿದೆ. "ಇದಕ್ಕ ವಯಸ್ಸಾಗೇದ. ಒಂದು ಕಾಲು ಎಳೀತದಂತ. ಕಣ್ಣೂ ಅಷ್ಟಕ್ಕಷ್ಟೇ. ನಾ ಇದಕ್ಕೇ ಕಟ್ಟತೀನಿ," ಅಂದೆ. ಹೇಳಿ, ನಗುವಿಗೆ ಕಾದೆ.

ಶೆಟ್ಟಿ ಮತ್ತು ಬೀರಪ್ಪ ಮುಖ ಮುಖ ನೋಡಿಕೊಂಡರು. ಶೆಟ್ಟಿ ಆ ತಿಂಗಳ ದಲ್ಲಾಳಿ ದುಡ್ಡನ್ನೆಲ್ಲ ಅದರ ಮೇಲೆ ಕಟ್ಟಿದ. ಬೀರಪ್ಪ ಅವತ್ತು ಮಾರಿದ ಟಗರುಗಳ ರೊಕ್ಕವನ್ನು ಕಟ್ಟಿದ. "ಬ್ಯಾಡ್ರೋ, ನಾ ತಮಾಷಿ ಮಾಡಿದೆ," ಎಂದು ಕೈ ಹಿಡಿದರೆ, "ಗೊತ್ತಾತು ಬಿಡ್ರಿ," ಎಂದು ಬೀರಪ್ಪ ಕಣ್ಣು ಮಿಟುಕಿಸಿದ. ಬುದ್ಧಿವಂತನೆಂದು ಒಮ್ಮೆ ಹೆಸರಾದರೆ ನಿಜ ಹೇಳುವ ಬಾಯಿಯೇ ಬಿದ್ದುಹೋಗುತ್ತದೆ.

ಕುದುರೆ ನನ್ನ ಮಾತು ಉಳಿಸಿತು. ಕಡೆಗೇ ಬಂತು. ಕಟ್ಟಳೆಯ ಪ್ರಕಾರ ಕಾಫಿ ಬರಬೇಕು. ಆದರೆ ಕಟ್ಟಿದ ಮೂವರ ಕುದುರೆಯೂ ಒಂದೇ, ಕೊಡಿಸುವವರು ಯಾರು? ಗೆದ್ದ ದುಡ್ಡಿನಲ್ಲಿ ಉಳಿದಿದ್ದನ್ನು ಬೀರಪ್ಪನ ಮುಂದೆ ಹಿಡಿದೆ.

"ಬ್ಯಾಡ್ರಿ," ಅಂದ. "ನೀವು ನಮ್ಮಂಗ ಸೋಲೋ ಮನಷ್ಯಾ ಅಂತ ತಿಳದಿದ್ವಿ. ಆವಾಗ ಚಲೋ ಇತ್ತು."

ಮುಂದಿನ ಪಟ್ಟಿ ಬಂದ ದಿನ ಬೆಂಚಿನ ಮೇಲೆ ನಾನೊಬ್ಬನೇ. ಎಲ್ಲಿ ಬೇಕಾದರೂ ಕೂರಬಹುದಿತ್ತು. ನಡುವೆ ಕೂತೆ, ತುದಿಯಲ್ಲಿ ಕೂತೆ, ಎರಡೂ ಒಂದೇ ಅನ್ನಿಸಿತು. ಖಾದರ್ ಸಾಬನ ಹತ್ತಿರ ಕಡೆಯ ಹೆಸರಿಗೆ ನಾಲ್ಕಾಣೆ ಕಟ್ಟಿದೆ. ಅವನು ಒಂದು ಮಾತೂ ಆಡದೆ ಇಸಿದುಕೊಂಡ. ನನಗೆ ಅಳು ಬಂತು, ಕೆಮ್ಮಿದಂತೆ ಮಾಡಿದೆ.

ಎಷ್ಟೋ ವಾರಗಳ ಮೇಲೆ ಒಂದು ಸಂಜೆ ಬೀರಪ್ಪ ಬಂದ. ನಾನು ಸರಿದು ಜಾಗ ಮಾಡಿದೆ. ಅವನು ಕೂರಲಿಲ್ಲ.

"ರಾಯರ, ಈ ವಾರ ಯಾವುದು ಗೆಲ್ಲತೈತಿ ಅಂತೀರಿ?"

"ಕಡೇದು, ಬೀರಪ್ಪ," ಅಂದೆ, ನಗುತ್ತಾ.

"ಹಂಗಾರ ಅದೊಂದು ಬಿಟ್ಟು ಕಟ್ಟತೀನಿ," ಎಂದು ಖಾದರ್ ಸಾಬನ ಅಂಗಡಿಗೆ ಹೋಗಿ, ಕಟ್ಟಿ, ಆ ಕಡೆಯಿಂದಲೇ ಹೊರಟುಹೋದ.

ಮನೆಗೆ ಬಂದು ದೀಪ ಹಚ್ಚಿದೆ. ಗೂಟದ ಮೇಲಿನ ಗಂಟು ಕಣ್ಣಿಗೆ ಬಿತ್ತು. ಬಿಚ್ಚಿ ಹುರುಳಿ ಬೇಯಿಸಿ, ಒಗ್ಗರಣೆ ಹಾಕಿ ಸಾರು ಮಾಡಿದೆ. ಸಾರು ಚೆನ್ನಾಗಿತ್ತು, ಹಾಗೆಂದು ಹೇಳಲು ಯಾರೂ ಇರಲಿಲ್ಲ. ಕುದುರೆಗೆಂದು ಬಂದ ಹುರುಳಿಯನ್ನು ಕಡೆಗೂ ಕತ್ತೆಯೇ ತಿಂದಿತು.